ಗದ್ದಲದೊಳಗಿನ ದನಿ

ಮಕ್ಕಳೇ, ನೀವು ಆದೋನಿಯ ಹತ್ತಿ ಮಾರುಕಟ್ಟೆಯನ್ನು ನೋಡಿದ್ದೀರಾ? ಅಲ್ಲಿ ಲಾರಿಗಳ ಸದ್ದು, ಹಮಾಲರ ಕೂಗು, ವ್ಯಾಪಾರಿಗಳ ಮಾತು ಎಲ್ಲವೂ ಒಟ್ಟಿಗೆ ಕೇಳುತ್ತವೆ. ಆ ಗದ್ದಲದಲ್ಲೂ ಅಮ್ಮ ಕರೆದರೆ ನೀವು ತಟ್ಟನೆ ತಿರುಗುತ್ತೀರಿ. ಏಕೆಂದರೆ ಆ ದನಿ ನಿಮಗೆ ಗೊತ್ತು.

ರೇಡಿಯೋದಲ್ಲಿ ಕೇಂದ್ರ ಸಿಗದಿದ್ದಾಗ ಕೇಳುವ ಗರಗರ ಸದ್ದೂ ಒಂದು ಗದ್ದಲವೇ. ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ಸಂಕೇತ ನೆಲ ಮುಟ್ಟುವಾಗ ಈ ಗದ್ದಲಕ್ಕಿಂತಲೂ ಕ್ಷೀಣವಾಗಿರುತ್ತದೆ. ಆದರೆ ಪ್ರತಿ ಉಪಗ್ರಹಕ್ಕೂ 1,023 ಗುರುತುಗಳ ತನ್ನದೇ ಸಾಲು ಇದೆ. ಅದು ಸೆಕೆಂಡಿಗೆ 1,000 ಬಾರಿ ಮರಳಿ ಬರುತ್ತದೆ. ಆ ಸಾಲನ್ನು ಮೊದಲೇ ಬಲ್ಲ ಮೊಬೈಲ್ ಫೋನು ಹೋಲಿಸಿ ನೋಡಿ ಅದನ್ನು ಗುರುತಿಸುತ್ತದೆ.

ಸಾಲು ಗೊತ್ತಿಲ್ಲದಿದ್ದರೆ? ಆಗಲೂ ಉಪಾಯವುಂಟು. ಕೇಳಿದ್ದನ್ನು ಸಮನಾದ ತುಂಡುಗಳಾಗಿ ಮಾಡಿ ಒಂದಕ್ಕೊಂದು ಹೋಲಿಸಬೇಕು. ಗದ್ದಲ ಪ್ರತಿ ತುಂಡಿನಲ್ಲೂ ಬೇರೆ ಬೇರೆಯಾಗಿರುತ್ತದೆ. ತುಂಡಿನ ಅಳತೆ ಸರಿಯಾಗಿದ್ದರೆ, ಮರಳಿ ಬರುವ ಸಾಲು ಮಾತ್ರ ನಿಧಾನವಾಗಿ ಎದ್ದು ಕಾಣುತ್ತದೆ. ಇದಕ್ಕೆ ತಾಳ್ಮೆ ಬೇಕು.

ಇಷ್ಟು ಶ್ರಮ ಏಕೆ? ಆಪತ್ತಿನಲ್ಲಿರುವವರ ಕರೆಯೂ ಕ್ಷೀಣವಾಗಿರಬಹುದು. 1982ರಲ್ಲಿ ಕೆನಡಾದಲ್ಲಿ ಒಂದು ಚಿಕ್ಕ ವಿಮಾನ ಬಿದ್ದಿತು. ಅದರ ಕರೆಯನ್ನು ಉಪಗ್ರಹ ಕೇಳಿಸಿಕೊಂಡಿತು. 3 ಜನರ ಪ್ರಾಣ ಉಳಿಯಿತು. ಇಂಥ ಕರೆಗಳನ್ನು ಉಪಗ್ರಹಗಳ ಮೂಲಕ ಆಲಿಸುವ ಇಸ್ರೋ ಕೇಂದ್ರ ನಮ್ಮ ನೆರೆಯ ಬೆಂಗಳೂರಿನಲ್ಲಿದೆ.

ಮಾಡಿ ನೋಡಿರಿ: ತರಗತಿಯಲ್ಲಿ ಎಲ್ಲರೂ ಮಾತನಾಡುತ್ತಿರಲಿ. ಒಬ್ಬರು ಒಂದೇ ತಾಳವನ್ನು ಮೆಲ್ಲಗೆ ಮತ್ತೆ ಮತ್ತೆ ತಟ್ಟಲಿ. ಎಷ್ಟನೆಯ ಸಲಕ್ಕೆ ನಿಮಗೆ ಅದು ತಿಳಿಯಿತು?