ಇದೆ, ಇದೆಯಂತೆ, ಇರಬಹುದು: ಹಳೆಯ ವ್ಯಾನಿನ ಪರೀಕ್ಷೆಯಿಂದ ಒಂದು ಭಾಷಾಪಾಠ

ತರಗತಿ: ಒಂಬತ್ತು. ಅವಧಿ: ಎರಡು.

ಉದ್ದೇಶ: ಕಂಡದ್ದನ್ನು, ಕೇಳಿದ್ದನ್ನು, ಊಹಿಸಿದ್ದನ್ನು ಬೇರೆ ಬೇರೆಯಾಗಿ ಗುರುತಿಸಿ ವರದಿ ಬರೆಯಲು ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು.

ಪೀಠಿಕೆ

ಗಡಿನಾಡಿನ ಕನ್ನಡ ಶಾಲೆಗೆ ದೂರದ ಮಕ್ಕಳು ಬರಬೇಕಾದರೆ ವಾಹನವೊಂದು ಬೇಕಾಗುತ್ತದೆ. ಅದಿಲ್ಲದಿದ್ದಲ್ಲಿ, ಮನೆಯ ಬಾಗಿಲಿಗೆ ಬಸ್ಸು ಕಳುಹಿಸುವ ಅನ್ಯ ಮಾಧ್ಯಮದ ಶಾಲೆಯತ್ತ ಹೆತ್ತವರು ತಿರುಗುವುದು ಸಹಜ. ಆದುದರಿಂದ ರಕ್ಷಕ-ಶಿಕ್ಷಕ ಸಂಘವು ವಂತಿಗೆ ಎತ್ತಿ ಹಳೆಯ ವ್ಯಾನೊಂದನ್ನು ಕೊಳ್ಳಲು ಯೋಚಿಸುವುದುಂಟು. ಹಣ ಊರಿನವರದು, ಅದರಲ್ಲಿ ಕುಳಿತುಕೊಳ್ಳುವವರು ನಮ್ಮ ಮಕ್ಕಳು. ಇಂಥ ಸಂದರ್ಭವನ್ನೇ ಪಾಠಕ್ಕೆ ಆಧಾರವಾಗಿಸಿಕೊಳ್ಳಬಹುದು.

‘ಬ್ರೇಕು ಸರಿಯಾಗಿದೆ’, ‘ಸರಿಯಾಗಿದೆಯಂತೆ’, ‘ಸರಿಯಾಗಿರಬಹುದು’ ಎಂಬ ಮೂರು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮೊದಲನೆಯದು ನೋಡಿ ತಿಳಿದದ್ದು, ಎರಡನೆಯದು ಇನ್ನೊಬ್ಬರು ಹೇಳಿದ್ದು, ಮೂರನೆಯದು ಊಹೆ. ಒಂದು ಪ್ರತ್ಯಯದಿಂದ ಮಾತಿನ ಹೊಣೆ ಎಷ್ಟು ಬದಲಾಗುತ್ತದೆಂಬುದನ್ನು ಮಕ್ಕಳಿಂದಲೇ ಹೇಳಿಸಿರಿ.

ಪರೀಕ್ಷೆಯ ಕ್ರಮ

1. ದಾಖಲೆಗಳು: ನೋಂದಣಿ ಪತ್ರದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೆತ್ತಿರುವುದರೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಬೇಕು. ವಾಹನದ ಮೇಲಿನ ಸಾಲ ತೀರಿದೆಯೇ, ವಿಮೆ ಮತ್ತು ಹೊಗೆ ತಪಾಸಣಾ ಪತ್ರಗಳ ಅವಧಿ ಉಳಿದಿದೆಯೇ ಎಂದು ನೋಡಬೇಕು. ಚಾಲಕನಲ್ಲದೆ ಆರಕ್ಕಿಂತ ಹೆಚ್ಚು ಮಂದಿಯನ್ನು ಒಯ್ಯುವ ಶಾಲೆಯ ಸ್ವಂತ ಬಸ್ಸು 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನಗಳ ವರ್ಗಕ್ಕೆ ಸೇರುವುದರಿಂದ, ಜನರು ಎಫ್.ಸಿ. ಎನ್ನುವ ಅರ್ಹತಾ ಪತ್ರವೂ ಅಗತ್ಯ.

ಗಡಿಯವರಿಗೆ ಇನ್ನೊಂದು ಎಚ್ಚರ. ಮಂಗಳೂರಿನ ವ್ಯಾನನ್ನು ಕಾಸರಗೋಡಿಗೋ ಬಳ್ಳಾರಿಯದನ್ನು ಆದೋನಿಗೋ ತರುವುದಾದರೆ ಮೂಲ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳು ಮೀರಿ ಅಲ್ಲಿಯೇ ಇರುವ ವಾಹನಕ್ಕೆ ಆ ರಾಜ್ಯದ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅಲ್ಲಿಯ ತೆರಿಗೆಯೂ ಸೇರುತ್ತದೆ. ಅಗ್ಗವೆಂದು ತೋರಿದ ಬೆಲೆಗೆ ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಕು.

2. ನಿಂತ ವಾಹನ: ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಕಾಯಿಸಿಟ್ಟಿದ್ದರೆ ಚಾಲೂ ಆಗುವ ತೊಂದರೆ ಮರೆಯಾಗಿರಬಹುದು. ಎಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿರುವ ಸಂದೇಹವಿದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: ‘2319’ ಎಂದರೆ 2019ನೆಯ ಇಸವಿಯ 23ನೆಯ ವಾರದ ತಯಾರಿಕೆ. ಗೀರುಗಳ ನಡುವಿನ ಸವೆತಸೂಚಕ ಉಬ್ಬಿನ ಮಟ್ಟಕ್ಕೆ, ಎಂದರೆ 1.6 ಮಿ.ಮೀ.ಗೆ, ರಬ್ಬರು ಇಳಿದಿದ್ದರೆ ಆ ಟಯರು ಮುಗಿದಂತೆಯೇ. ಬಟ್ಟೆ ಸುತ್ತಿದ ಅಯಸ್ಕಾಂತವು ಉಕ್ಕಿನ ಮೈಗೆ ಅಂಟದಿದ್ದಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿರಬಹುದು. ಕರಾವಳಿಯ ಉಪ್ಪುಗಾಳಿ ತಾಗಿದ ವಾಹನದಲ್ಲಿ ನೆಲಹಾಸನ್ನು ಎತ್ತಿ ತುಕ್ಕನ್ನು ನೋಡುವುದನ್ನು ಮರೆಯಬಾರದು. ಆಸನಗಳು ನೆಲಕ್ಕೆ ಭದ್ರವಾಗಿವೆಯೇ, ಬಾಗಿಲುಗಳು ಒಳಗಿನಿಂದ ತೆರೆಯುತ್ತವೆಯೇ ಎಂಬುದನ್ನೂ ಪರೀಕ್ಷಿಸಬೇಕು.

3. ಓಡುವ ವಾಹನ: ಇದು ಪರವಾನಗಿಯುಳ್ಳ ಚಾಲಕ ಮತ್ತು ಶಾಲೆಯವರೇ ಕರೆತಂದ ಮೆಕ್ಯಾನಿಕ್ಕಿನ ಕೆಲಸ, ಮಕ್ಕಳನ್ನು ಹತ್ತಿಸಕೂಡದು. ನೀಲಿ ಹೊಗೆ ಎಣ್ಣೆ ಉರಿಯುವುದನ್ನೂ ಕಪ್ಪು ಹೊಗೆ ಇಂಧನ ಸರಿಯಾಗಿ ಉರಿಯದಿರುವುದನ್ನೂ ಸೂಚಿಸುತ್ತದೆ. ನೀಲಗಿರಿಯ ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಿಳಿಯ ಆವಿ ಕಾಣುವುದು ಸಹಜ. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ದೋಷವಿರಬಹುದು. ಬ್ರೇಕು ಒತ್ತಿದಾಗ ವಾಹನ ಒಂದು ಬದಿಗೆ ಎಳೆಯಬಾರದು.

ತರಗತಿಯ ಚಟುವಟಿಕೆ

ಶಾಲೆಯ ಅಂಗಳದಲ್ಲಿ ನಿಲ್ಲಿಸಿದ ಯಾವುದಾದರೂ ವಾಹನವನ್ನು ಗುಂಪುಗಳು ನೋಡಲಿ. ಮಾಲೀಕರನ್ನು ಪ್ರಶ್ನಿಸಿ ಮೂರು ಕಲಮುಗಳಲ್ಲಿ ಬರೆಯಲಿ. ಮಾದರಿ:

ಕಂಡದ್ದು: ಬ್ರೇಕ್ ಪೆಡಲಿನ ರಬ್ಬರು ಸವೆದು ಲೋಹ ಕಾಣುತ್ತಿದೆ.
ಕೇಳಿದ್ದು: ವಾಹನ 30,000 ಕಿ.ಮೀ. ಮಾತ್ರ ಓಡಿದೆಯಂತೆ.
ಊಹಿಸಿದ್ದು: ಅದಕ್ಕಿಂತ ಬಹಳ ಹೆಚ್ಚು ಓಡಿರಬಹುದು.

ಇಲ್ಲಿ ಮಾಲೀಕರು ಸುಳ್ಳು ಹೇಳಿದರೆಂದು ಬರೆಯುವಂತಿಲ್ಲ. ರಬ್ಬರು ಕಂಡದ್ದು, ಸುಳ್ಳು ಕಂಡದ್ದಲ್ಲ. ದುರಸ್ತಿಯ ರಸೀದಿಗಳಲ್ಲಿ ನಮೂದಾದ ಕಿಲೋಮೀಟರುಗಳನ್ನು ನೋಡಿದರೆ ಊಹೆ ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿಯುತ್ತದೆ. ಈ ವಿವೇಕವನ್ನು ಅಧ್ಯಾಪಕರು ಒತ್ತಿಹೇಳಬೇಕು.

ಸಂಘದ ಸಭೆಗೂ ಇದೇ ನಿಯಮ ಸಲ್ಲುತ್ತದೆ. ಹಣ ಕೊಡುವ ಮುನ್ನ ಪ್ರತಿಯೊಂದು ‘ಅಂತೆ’ಯೂ ‘ಇದೆ’ ಅಥವಾ ‘ಇಲ್ಲ’ ಆಗಿ ಬದಲಾಗಿರಬೇಕು. ಬ್ರೇಕು, ಟಯರು, ದಾಖಲೆಗಳ ವಿಷಯದಲ್ಲಿ ಒಂದು ‘ಇರಬಹುದು’ ಉಳಿದರೂ ಕೊಳ್ಳದೆ ಹಿಂದಿರುಗುವುದೇ ಲೇಸು.

ಅಭ್ಯಾಸ

1. ನಿಮ್ಮ ವರದಿಯ ಐದು ‘ಅಂತೆ’ ವಾಕ್ಯಗಳನ್ನು ಆರಿಸಿ, ಪ್ರತಿಯೊಂದನ್ನೂ ಖಚಿತಪಡಿಸಿಕೊಳ್ಳುವ ಬಗೆಯನ್ನು ಬರೆಯಿರಿ.
2. ನೋಂದಣಿ ಪತ್ರದ ಅಂಶಗಳನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ವಿವರಿಸಿ, ಅವರು ಕೇಳಿದ ಪ್ರಶ್ನೆಗಳನ್ನು ಪಟ್ಟಿಮಾಡಿರಿ.
3. ವಾಹನವನ್ನು ಕೊಳ್ಳುವುದು ಬೇಡವೆಂದು ರಕ್ಷಕ-ಶಿಕ್ಷಕ ಸಂಘಕ್ಕೆ ಕಾರಣಸಹಿತವಾಗಿ ಒಂದು ಪತ್ರ ಬರೆಯಿರಿ.