ಬೆಟ್ಟಕ್ಕೊಪ್ಪುವ ಉಡುಗೆ

ಮನುಷ್ಯನ ಉಡುಗೆಗೆ ಎರಡು ಕೆಲಸಗಳಿವೆ. ಚಳಿ, ಬಿಸಿಲು, ಮಳೆ, ಮುಳ್ಳುಗಳಿಂದ ಮೈಯನ್ನು ಕಾಪಾಡುವುದು ಒಂದು; ನೋಡುವವರ ಕಣ್ಣಿಗೆ ಒಪ್ಪುವುದು ಇನ್ನೊಂದು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಎರಡನೆಯ ಕೆಲಸವನ್ನೇ ಎತ್ತಿ ಹೇಳುತ್ತದೆ. ಆದರೆ ಪರರ ಇಚ್ಛೆಯನ್ನು ನೋಡುತ್ತ ನೋಡುತ್ತ ಮೊದಲನೆಯ ಕೆಲಸವನ್ನು ನಾವು ಮರೆತುಬಿಡುವುದುಂಟು. ಬಿಸಿಲ ನಾಡಿನಲ್ಲಿ ದಪ್ಪನೆಯ ಬಿಗಿ ಬಟ್ಟೆ ತೊಟ್ಟು ಬೆವರುವುದೂ, ಹಿತವಾದ ಉಡುಗೆ ಉಟ್ಟವರನ್ನು ಕಂಡು ಹಗುರವಾಗಿ ಮಾತನಾಡುವುದೂ ಈ ಮರೆವಿನ ಫಲಗಳೇ. ಯಾವ ಉಡುಗೆ ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಪರೀಕ್ಷಿಸಬೇಕಾದರೆ ಬೆಟ್ಟದ ದಾರಿಗಿಂತ ಒಳ್ಳೆಯ ಸ್ಥಳವಿಲ್ಲ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಚಿಕ್ಕಬಳ್ಳಾಪುರವು ಬಂಡೆಬೆಟ್ಟಗಳ ಸೀಮೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟ, ಅದರ ನೆರೆಯಲ್ಲಿ ಸ್ಕಂದಗಿರಿಯೆಂದೂ ಕರೆಸಿಕೊಳ್ಳುವ ಕಳವಾರದುರ್ಗ, ಚಿಂತಾಮಣಿಯ ಬಳಿಯ ಅಂಬಾಜಿದುರ್ಗ ಮತ್ತು ಕೈಲಾಸಗಿರಿ, ಇವೆಲ್ಲ ನಡೆಯುವವರನ್ನು ಕೈಬೀಸಿ ಕರೆಯುತ್ತವೆ. ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ತರುಣ ತರುಣಿಯರು ಈ ಬೆಟ್ಟಗಳಿಗೆ ಬರುತ್ತಾರೆ. ಅವರಲ್ಲಿ ಅನೇಕರು ತೊಟ್ಟಿರುವುದು ಬಿಗಿಯಾದ ಜೀನ್ಸ್. ಅದೇ ದಾರಿಯಲ್ಲಿ ಕುರಿಮಂದೆಯ ಹಿಂದೆ ಹೋಗುವ ವೃದ್ಧನೊಬ್ಬನನ್ನು ನೋಡಿರಿ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಮಡಿಸಿ ಕಟ್ಟಿ, ಬಂಡೆಯಿಂದ ಬಂಡೆಗೆ ಸಲೀಸಾಗಿ ಕಾಲಿಡುತ್ತ ಆತನು ಮುಂದೆ ಸಾಗುತ್ತಾನೆ. ಅಭ್ಯಾಸಬಲ ಆತನಿಗೆ ಇದೆ, ನಿಜ. ಆದರೆ ಉಡುಗೆಯ ಸಹಾಯವೂ ಅದರೊಡನೆ ಇದೆ.

ಆ ಸಹಾಯ ಎಂಥದು? ನಮ್ಮಲ್ಲಿ ಪಂಚೆಯನ್ನು ಮೊಳದಿಂದ ಅಳೆಯುವುದು ವಾಡಿಕೆ. ಸೊಂಟಕ್ಕೆ ಸುತ್ತಿ ಉಡುವ ಅಡ್ಡಪಂಚೆಗೆ ನಾಲ್ಕು ಮೊಳ, ಎಂದರೆ ಸುಮಾರು 1.8 ಮೀಟರ್ ಬಟ್ಟೆ ಸಾಕು. ಕಚ್ಚೆ ಹಾಕಿ ಉಡುವುದಕ್ಕೆ ಅದರ ಎರಡರಷ್ಟು ಬೇಕು. ಅಡ್ಡಪಂಚೆಯ ಕೆಳಅಂಚನ್ನು ಎರಡು ಕೈಗಳಿಂದಲೂ ಎತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಅದು ಕ್ಷಣಮಾತ್ರದಲ್ಲಿ ಮೊಣಕಾಲುದ್ದದ ಉಡುಗೆಯಾಗುತ್ತದೆ. ಎತ್ತರದ ಮೆಟ್ಟಿಲಿಗೆ ಕಾಲೆತ್ತುವಾಗ ಬಿಗಿ ಷರಾಯಿ ಮೊಣಕಾಲಿನ ಬಳಿ ಜಗ್ಗಿ ಹಿಡಿಯುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ಕಾಲು ಆ ಜಗ್ಗನ್ನು ಗೆಲ್ಲಬೇಕು. ಎತ್ತಿ ಕಟ್ಟಿದ ಪಂಚೆಗೆ ಮೊಣಕಾಲಿನ ಗೊಡವೆಯೇ ಇಲ್ಲ. ಇದಲ್ಲದೆ ಅದರೊಳಗೆ ಗಾಳಿ ಆಡುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ಬೆವರು ಮೈಮೇಲೆ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಬೆವರು ಆರುವುದಕ್ಕೆ ಗಾಳಿಯ ಸಂಚಾರ ಬೇಕು. ಬಿಗಿ ಬಟ್ಟೆ ಆ ಬಾಗಿಲನ್ನು ಮುಚ್ಚುತ್ತದೆ. ಸಡಿಲ ಬಟ್ಟೆ ತೆರೆಯುತ್ತದೆ.

ಹೀಗೆ ಎತ್ತಿ ಕಟ್ಟುವ ಪದ್ಧತಿ ಬೆಟ್ಟ ಹತ್ತುವವರಿಗೆ ಮಾತ್ರ ಸೇರಿದ್ದಲ್ಲ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಆವಿಯ ನಡುವೆ ರೇಷ್ಮೆಗೂಡು ಬಿಚ್ಚುವವರಿಗೂ, ಗೌರಿಬಿದನೂರಿನ ಹೊಲಗಳಲ್ಲಿ ನೀರು ಕಟ್ಟುವವರಿಗೂ ಎತ್ತಿ ಕಟ್ಟಿದ ಪಂಚೆಯೋ ಲುಂಗಿಯೋ ಹಿತವೇ. ಗದ್ದೆಗಿಳಿಯುವ ಹೆಣ್ಣುಮಕ್ಕಳೂ ಸೀರೆಯ ಅಂಚನ್ನು ಎತ್ತಿ ನಡುವಿಗೆ ಸಿಕ್ಕಿಸುವುದನ್ನು ನೀವು ಕಂಡಿದ್ದೀರಿ. ದುಡಿಮೆಯೇ ಕಲಿಸಿದ ವಿದ್ಯೆ ಇದು.

ಇದೇ ವಿದ್ಯೆಯನ್ನು ಬೇರೆ ಹವೆಯ ದೂರದೇಶವೊಂದು ತನ್ನದೇ ರೀತಿಯಲ್ಲಿ ಕಂಡುಕೊಂಡಿತು. ಅದು ಬ್ರಿಟನ್ನಿನ ಉತ್ತರ ಭಾಗವಾದ ಸ್ಕಾಟ್ಲೆಂಡ್. ಅಲ್ಲಿಯ ಮಲೆನಾಡಿನ ಗಂಡಸರು ಹದಿನಾರನೆಯ ಶತಮಾನದ ಹೊತ್ತಿಗೆ ಉದ್ದನೆಯ ಉಣ್ಣೆಯ ಬಟ್ಟೆಯೊಂದನ್ನು ನೆರಿಗೆ ಹಿಡಿದು ಸೊಂಟಕ್ಕೆ ಸುತ್ತಿ, ಪಟ್ಟಿಯಿಂದ ಬಿಗಿದು, ಉಳಿದ ಭಾಗವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಹಗಲು ಅದೇ ಉಡುಗೆ, ರಾತ್ರಿ ಅದೇ ಹೊದಿಕೆ. ಹದಿನೆಂಟನೆಯ ಶತಮಾನದಲ್ಲಿ ಮೇಲಿನ ಭಾಗವನ್ನು ಬಿಟ್ಟು ಕೆಳಭಾಗವನ್ನು ಮಾತ್ರ ಉಡುವ ರೂಢಿ ಬೆಳೆಯಿತು. ಇದೇ ಮೊಣಕಾಲುದ್ದದ ‘ಕಿಲ್ಟ್’. ಅಲ್ಲಿಯವರು 1745ರಲ್ಲಿ ರಾಜನ ವಿರುದ್ಧ ದಂಗೆಯೆದ್ದು ಸೋತಾಗ, ಬ್ರಿಟಿಷ್ ಪಾರ್ಲಿಮೆಂಟು 1746ರಲ್ಲಿ ಕಾನೂನು ಮಾಡಿ ಈ ಉಡುಗೆಯನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದವನಿಗೆ ಆರು ತಿಂಗಳ ಸೆರೆ. ಮತ್ತೊಮ್ಮೆ ಸಿಕ್ಕಿದರೆ ಏಳು ವರ್ಷ ಗಡೀಪಾರು. 1782ರಲ್ಲಿ ಆ ಕಾನೂನು ರದ್ದಾಯಿತು. ಮುಂದೆ ಕಿಲ್ಟ್ ಸ್ಕಾಟ್ಲೆಂಡಿನ ಹೆಮ್ಮೆಯ ಗುರುತೇ ಆಗಿ ನಿಂತಿತು.

ಹಳೆಯ ಬಗೆಯ ಕಿಲ್ಟಿಗೆ ಸುಮಾರು ಎಂಟು ಗಜ ಉಣ್ಣೆಯ ಬಟ್ಟೆ ಹಿಡಿಯುತ್ತದೆ. ಅದು ಭಾರ, ಬೆಲೆಯೂ ಹೆಚ್ಚು. ಆದ್ದರಿಂದ ಇತ್ತೀಚಿನ ದಶಕಗಳಲ್ಲಿ ಅಮೆರಿಕ ಮೊದಲಾದ ದೇಶಗಳಲ್ಲಿ ಬೆಟ್ಟ, ಕಾಡುಗಳಲ್ಲಿ ನಡೆಯುವವರಿಗಾಗಿ ಹತ್ತಿ, ನೈಲಾನ್, ಪಾಲಿಯೆಸ್ಟರ್‌ಗಳ ಹಗುರವಾದ ಕಿಲ್ಟುಗಳು ಬಂದಿವೆ. ಇವುಗಳಲ್ಲಿ ಜೇಬುಗಳಿರುತ್ತವೆ, ನೂಲು ನೀರನ್ನು ಹೆಚ್ಚು ಹೀರದ ಕಾರಣ ನೈಲಾನಿನವು ತೊಯ್ದರೂ ಬೇಗ ಆರುತ್ತವೆ. ಇವುಗಳನ್ನು ಉಡುವವರು ಹೇಳುವ ಕಾರಣಗಳು ಎರಡೇ: ಕಾಲು ಸ್ವತಂತ್ರವಾಗಿರುತ್ತದೆ, ಗಾಳಿ ಆಡುತ್ತದೆ. ನಮ್ಮ ಕುರಿಗಾಹಿ ಬಾಯಿಬಿಟ್ಟು ಹೇಳದಿದ್ದರೂ ಆತನ ಕಾರಣಗಳೂ ಇವೇ ಅಲ್ಲವೆ?

ಹಾಗೆಂದು ಈ ಉಡುಗೆ ಎಲ್ಲ ಕಾಲಕ್ಕೂ ಎಲ್ಲ ಕೆಲಸಕ್ಕೂ ಸರಿಯೆಂದು ಹೇಳಲಾಗದು. ಮುಳ್ಳುಪೊದೆಗಳ ನಡುವೆ ಬರಿಗಾಲು ತರಚುತ್ತದೆ. ಬೆಟ್ಟದ ನೆತ್ತಿಯ ಬಿರುಗಾಳಿಗೆ ಸಡಿಲ ಬಟ್ಟೆ ಹಾರುತ್ತದೆ. ಒಳಗೆ ಚಡ್ಡಿ ತೊಡುವುದು, ಇಲ್ಲವೆ ಕಚ್ಚೆ ಹಾಕಿ ಉಡುವುದು ವಿವೇಕ. ಹತ್ತಿಯ ಪಂಚೆ ನಂದಿಬೆಟ್ಟದ ಮಂಜಿನಲ್ಲಿ ತೊಯ್ದರೆ ಬೇಗ ಆರದೆ ಚಳಿ ಹಿಡಿಸುತ್ತದೆ. ತಿರುಗುವ ಯಂತ್ರದ ಬಳಿ ಸಡಿಲ ಬಟ್ಟೆ ಅಪಾಯಕಾರಿ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸ್ಕಾಟ್ ಸೈನಿಕರ ಉಣ್ಣೆಯ ಕಿಲ್ಟಿಗೆ ಕೆಸರು ಮೆತ್ತಿ ಅದು ಹೊರಲಾರದ ಭಾರವಾಗುತ್ತಿತ್ತು. ಆದ್ದರಿಂದ ಗುಣದೋಷಗಳನ್ನು ತೂಗಿ ನೋಡಿ ಆರಿಸಿಕೊಳ್ಳಬೇಕು.

ದುರ್ದೈವದಿಂದ ಲೋಕವು ಅನೇಕ ಸಲ ಹೀಗೆ ತೂಗಿ ನೋಡುವುದಿಲ್ಲ. ಅಮೆರಿಕದ ಅಂಚೆ ಪೇದೆಯೊಬ್ಬರು ನಡೆದಾಡುವ ತಮ್ಮ ಕೆಲಸಕ್ಕೆ ಕಿಲ್ಟ್ ಹಿತವೆಂದು, ಸಮವಸ್ತ್ರದಲ್ಲಿ ಅದನ್ನೂ ಸೇರಿಸುವಂತೆ 2008ರಲ್ಲಿ ತಮ್ಮ ಸಂಘದ ಸಮ್ಮೇಳನವನ್ನು ಕೋರಿದರು, ಸಮ್ಮೇಳನ ಒಪ್ಪಲಿಲ್ಲ. ನಮ್ಮ ನೆರೆಯ ತಮಿಳುನಾಡಿನಲ್ಲಿ ಪಂಚೆಯುಟ್ಟ ನ್ಯಾಯಾಧೀಶರನ್ನು ಕ್ಲಬ್ಬೊಂದು ಒಳಗೆ ಬಿಡದಿದ್ದಾಗ, ಇಂಥ ನಿರ್ಬಂಧಗಳನ್ನು ತಡೆಯಲು ಆ ರಾಜ್ಯವು 2014ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಬೆಂಗಳೂರಿನಲ್ಲಿಯೇ 2024ರ ಜುಲೈಯಲ್ಲಿ, ಮಗನೊಡನೆ ಚಲನಚಿತ್ರ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣದಿಂದ ಮಾಲೊಂದರ ಬಾಗಿಲಲ್ಲಿ ತಡೆದರು. ಜನ ಪ್ರತಿಭಟಿಸಿದರು; ಸರ್ಕಾರವು ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ವಿಧಾನಸಭೆಯಲ್ಲಿ ಘೋಷಿಸಿತು. ಬೆಳೆದು ಕೊಟ್ಟವನ ಅನ್ನ ಬೇಕು, ಅವನ ಉಡುಗೆ ಬೇಡ ಎಂದರೆ ಅದು ಯಾವ ನ್ಯಾಯ?

ಉಡುಗೆಯಿಂದ ಮನುಷ್ಯನನ್ನು ಅಳೆಯುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಡುತ್ತದೆ. ಬಡವರ ಉಡುಗೆಯೇ ತನಗೂ ಸಾಕೆಂದು 1921ರಲ್ಲಿ ಮೊಣಕಾಲುದ್ದದ ತುಂಡು ಪಂಚೆಯನ್ನು ಉಟ್ಟ ಗಾಂಧೀಜಿಯವರು 1927ರಲ್ಲಿಯೂ 1936ರಲ್ಲಿಯೂ ವಿಶ್ರಾಂತಿಗಾಗಿ ನಂದಿಬೆಟ್ಟದ ಮೇಲೆ ತಂಗಿದ್ದರು. ನಡುವೆ 1931ರಲ್ಲಿ ಲಂಡನ್ನಿನ ಅರಮನೆಗೂ ಅದೇ ಉಡುಗೆಯಲ್ಲಿ ಹೋಗಿಬಂದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ ಖಾದಿಯ ಪಂಚೆ, ಜುಬ್ಬ, ಗಾಂಧಿಟೋಪಿಗಳನ್ನು ಬಿಡಲಿಲ್ಲ. ಇನ್ನೊಂದು ಕಡೆ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಸೂಟು ತೊಟ್ಟು ಮೈಸೂರು ಪೇಟ ಧರಿಸಿ, ಸದಾ ಅಚ್ಚುಕಟ್ಟಾಗಿ ಕಾಣಿಸಿಕೊಳ್ಳುತ್ತಿದ್ದರು. ಒಬ್ಬರು ಪಂಚೆಯಿಂದ ದೊಡ್ಡವರಾಗಲಿಲ್ಲ. ಇನ್ನೊಬ್ಬರು ಸೂಟಿನಿಂದ ದೊಡ್ಡವರಾಗಲಿಲ್ಲ. ಇಬ್ಬರನ್ನೂ ದೊಡ್ಡವರನ್ನಾಗಿ ಮಾಡಿದ್ದು ಅವರ ದುಡಿಮೆ ಮತ್ತು ನಡತೆ.

ಉಡುಗೆಯನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇದು ಈ ಹವೆಗೆ ಸರಿಯೇ? ಈ ಕೆಲಸಕ್ಕೆ ಒಗ್ಗುವುದೇ? ಮರ್ಯಾದೆಯಿಂದ ಕೂಡಿದೆಯೇ? ಈ ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಅದು ಪಂಚೆಯಾಗಲಿ, ಕಿಲ್ಟ್ ಆಗಲಿ, ಷರಾಯಿಯಾಗಲಿ, ಒಳ್ಳೆಯ ಉಡುಗೆಯೇ. ಬೆಟ್ಟದ ಏರುದಾರಿಯಲ್ಲಿ ಎದುರಾಗುವ ಮನುಷ್ಯನು ಏನನ್ನು ಉಟ್ಟಿದ್ದಾನೆಂಬುದನ್ನು ನೋಡುವ ಮೊದಲು, ಆತನು ಎಷ್ಟು ದೂರ ನಡೆದು ಬಂದಿದ್ದಾನೆಂಬುದನ್ನು ವಿಚಾರಿಸುವುದು ಲೇಸು.