ಮೊದಲ ತಪ್ಪು ಮತ್ತು ಜಾಮೀನು

ನಮ್ಮ ಜಿಲ್ಲೆಯ ಉತ್ತರದ ಗಡಿಯನ್ನು ದಾಟಿದರೆ ಮಂಗಳೂರು ದೂರವಲ್ಲ. ಶಾಲೆಯನ್ನು ಮುಗಿಸಿದ ಮಕ್ಕಳಲ್ಲಿ ಅನೇಕರು ದಿನವೂ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಅಲ್ಲಿಯ ಕಾಲೇಜುಗಳಿಗೆ ಹೋಗಿಬರುತ್ತಾರೆ. ಗಡಿಯ ತಪಾಸಣೆಯಲ್ಲಿ ಮಾದಕ ವಸ್ತುಗಳೊಡನೆ ಸಿಕ್ಕಿಬಿದ್ದ ತರುಣರ ಸುದ್ದಿಯನ್ನು ಕೇಳಿದಾಗ, “ಹುಡುಗನದು ಮೊದಲ ತಪ್ಪು, ಜಾಮೀನು ಸಿಕ್ಕೀತು” ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಜಾಮೀನೆಂದರೆ ಬಿಡುಗಡೆಯ ತೀರ್ಪಲ್ಲ. ವಿಚಾರಣೆಗೆ ತಪ್ಪದೆ ಹಾಜರಾಗುವೆನೆಂಬ ಮುಚ್ಚಳಿಕೆಯ ಮೇಲೆ ಆರೋಪಿಯನ್ನು ತಾತ್ಕಾಲಿಕವಾಗಿ ಮನೆಗೆ ಕಳುಹಿಸುವ ಏರ್ಪಾಡು ಅದು. ಜಾಮೀನೇ ನಿಯಮ, ಸೆರೆಮನೆ ಅಪವಾದ ಎಂಬ ತತ್ತ್ವವನ್ನು ಕೇರಳದವರೇ ಆದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲಿ ಸುಪ್ರೀಂ ಕೋರ್ಟಿನ ಪೀಠದಿಂದ ಸಾರಿದರು. ಆದರೆ 1985ರ ಮಾದಕ ವಸ್ತುಗಳ ಕಾನೂನಿನಲ್ಲಿ ಈ ತತ್ತ್ವಕ್ಕೆ ಕಟ್ಟುನಿಟ್ಟಾದ ಮಿತಿಯುಂಟು.

ಈ ಕಾನೂನು ಮೊದಲು ನೋಡುವುದು ತೂಕವನ್ನು. ಗಾಂಜಾ 1 ಕಿಲೋದವರೆಗೆ ಅಲ್ಪ ಪ್ರಮಾಣ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಎಂ.ಡಿ.ಎಂ.ಎ. ಎಂಬ ರಾಸಾಯನಿಕಕ್ಕೆ ಈ ಮಿತಿಗಳು ಅರ್ಧ ಗ್ರಾಂ ಮತ್ತು 10 ಗ್ರಾಂ. ಹತ್ತು ಗ್ರಾಂ ಎಂದರೆ ಸುಮಾರು ಎರಡು ಚಮಚ ಸಕ್ಕರೆಯ ತೂಕ! ಅದರಲ್ಲಿ ಬೇರೆ ಪುಡಿಯನ್ನು ಬೆರೆಸಿದ್ದರೂ ಒಟ್ಟು ಮಿಶ್ರಣದ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅಲ್ಪ ಪ್ರಮಾಣಕ್ಕೆ ಗರಿಷ್ಠ ಒಂದು ವರ್ಷದ ಸೆರೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ ಹತ್ತು ವರ್ಷ.

ವಾಣಿಜ್ಯ ಪ್ರಮಾಣಕ್ಕಿಂತ ಕೆಳಗಿನ ಪ್ರಕರಣಗಳಲ್ಲಿ ಆರೋಪಿಯ ವಯಸ್ಸು, ಹಿಂದಿನ ನಡತೆ, ಇದು ಮೊದಲ ತಪ್ಪೆಂಬ ಸಂಗತಿ ಇವೆಲ್ಲವನ್ನೂ ನ್ಯಾಯಾಧೀಶರು ತೂಗಿನೋಡಬಲ್ಲರು. ವಾಣಿಜ್ಯ ಪ್ರಮಾಣವಾದರೆ 37ನೆಯ ವಿಧಿ ಅಡ್ಡ ಬರುತ್ತದೆ. ಸರಕಾರಿ ವಕೀಲರು ವಿರೋಧಿಸಿದಲ್ಲಿ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆಯೆಂದೂ, ಹೊರಗೆ ಬಂದರೆ ಅಪರಾಧವೆಸಗಲಾರನೆಂದೂ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಮೊದಲ ತಪ್ಪೆಂಬ ಮಾತು ಎರಡನೆಯದಕ್ಕೆ ಮಾತ್ರ ಉತ್ತರವಾದೀತು, ಮೊದಲನೆಯದಕ್ಕೆ ಆಗಲಾರದು.

ಪರಿಚಿತನೊಬ್ಬ ಕೊಟ್ಟ ಪೊಟ್ಟಣವನ್ನು ಉಪಕಾರಕ್ಕೆಂದು ಒಯ್ಯುವ ಹುಡುಗನನ್ನು ಊಹಿಸಿಕೊಳ್ಳಿರಿ. “ಒಳಗೇನಿತ್ತೆಂದು ನನಗೆ ತಿಳಿಯದು” ಎಂದು ಅವನು ಹೇಳಬಹುದು. ಆದರೆ ವಿಚಾರಣೆಯಲ್ಲಿ ವಸ್ತು ಅವನ ವಶದಲ್ಲಿತ್ತೆಂದು ರುಜುವಾತಾದ ಮೇಲೆ, ತಿಳಿಯದೆಂಬುದನ್ನು ಸಿದ್ಧಪಡಿಸುವ ಭಾರವನ್ನು ಈ ಕಾನೂನು ಅವನ ಮೇಲೆಯೇ ಹೊರಿಸುತ್ತದೆ.

ಹೀಗೆಂದು ಕಾನೂನು ಕರುಣೆಯನ್ನು ಪೂರ್ತಿಯಾಗಿ ತೊರೆದಿಲ್ಲ. ದೆಹಲಿಯ ಪ್ರಕರಣವೊಂದರಲ್ಲಿ 23ನೆಯ ವಯಸ್ಸಿನಲ್ಲಿ ಬಂಧಿತನಾದ ತರುಣನೊಬ್ಬನು ಏಳು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರೂ ವಿಚಾರಣೆ ಮುಗಿದಿರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಜಾಮೀನಿತ್ತು, ವಿಚಾರಣೆಯ ಅನುಚಿತ ವಿಳಂಬವಿದ್ದಲ್ಲಿ 37ನೆಯ ವಿಧಿಯು ಜಾಮೀನಿಗೆ ಅಡ್ಡಿಯಾಗದೆಂದು ಹೇಳಿತು. ಜಾಮೀನು ದೊರೆಯಿತು ನಿಜ. ಕಳೆದುಹೋದ ತಾರುಣ್ಯವನ್ನು ಮರಳಿ ಕೊಡುವವರು ಯಾರು?

ಹದಿನೆಂಟು ತುಂಬದವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. 2015ರ ಬಾಲನ್ಯಾಯ ಕಾನೂನಿನಂತೆ ಅವರಿಗೆ ಜಾಮೀನು ಕೊಡುವುದೇ ಸಾಮಾನ್ಯ ನಿಯಮ; ಬಿಟ್ಟರೆ ದುಷ್ಟರ ಸಹವಾಸಕ್ಕೆ ಮತ್ತೆ ಬೀಳುವನೆಂಬಂತಹ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು. ವ್ಯಸನಕ್ಕೆ ಸಿಕ್ಕಿದವನು ತಾನಾಗಿಯೇ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪೂರೈಸಿದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕಾಗಿ ಅವನನ್ನು ಶಿಕ್ಷೆಗೆ ಗುರಿಪಡಿಸದಿರಲು 64-ಎ ವಿಧಿಯಲ್ಲಿ ಅವಕಾಶವಿದೆ.

ಪಾಲಕರಿಗೆ ಎರಡು ಮಾತು. ಮಗನಲ್ಲಿ ವ್ಯಸನದ ಸುಳಿವು ಕಂಡರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿರಿ. ಬಂಧನಕ್ಕೆ ಮುನ್ನ ವೈದ್ಯನ ಬಾಗಿಲು ತೆರೆದಿದೆ. ಬಂಧನವೇ ಆದರೆ ದಲ್ಲಾಳಿಗಳನ್ನು ನಂಬದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿರಿ. ಬಂಧನದಲ್ಲಿರುವವನಿಗೆ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕುಂಟು.

ವಿದ್ಯಾರ್ಥಿಗಳೇ, ಒಳಗೇನಿದೆಯೆಂದು ತಿಳಿಯದ ಪೊಟ್ಟಣವನ್ನು ಎಂತಹ ಗೆಳೆಯ ಕೊಟ್ಟರೂ ಕೈಯಲ್ಲಿ ಹಿಡಿಯದಿರಿ. ಮೊದಲ ತಪ್ಪಿಗೆ ಕ್ಷಮೆ ಮನೆಯಲ್ಲಿದೆ, ಶಾಲೆಯಲ್ಲಿದೆ. ತಕ್ಕಡಿಯ ಮುಂದೆ ಅದು ಇದ್ದೇ ಇರುವುದೆಂದು ಹೇಳಲಾಗದು.